ಜರ್ಮನಿಯಲ್ಲಿ ಹೊರಗೆ ಓಡುವುದು ಹೇಗೆ: ಹೊಸದಾಗಿ ಬಂದ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಜರ್ಮನಿಗೆ ಬಂದ ಮೇಲೆ ಓಡುವುದನ್ನು ಯಾಕೆ ಬಿಟ್ಟಿರಿ ಅಂತ ಕೇಳಿದರೆ ಹೆಚ್ಚಿನವರು ಚಳಿಯ ಮೇಲೆ ಹಾಕುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಚಳಿಗೆ ಜಾಕೆಟ್ ಇದೆ, ಗ್ಲೌಸ್ ಇದೆ, ಹೊರಟು ಹತ್ತು ನಿಮಿಷ ಆಗುವಷ್ಟರಲ್ಲಿ ಮೈ ತಾನೇ ಬೆಚ್ಚಗಾಗುತ್ತದೆ. ಓಟ ನಿಲ್ಲಿಸುವುದು ಕತ್ತಲೆ. ಅದರ ಜೊತೆಗೆ ಇನ್ನೊಂದು: ಎಲ್ಲಿ ಓಡಬಹುದು, ಎಲ್ಲಿ ಓಡಬಾರದು, ಯಾರು ಏನು ಅಂದುಕೊಳ್ಳುತ್ತಾರೋ ಅನ್ನುವ ಹಿಂಜರಿಕೆ. ಊರಲ್ಲಾದರೆ ಲಾಲ್‌ಬಾಗ್ ಗೇಟು, ಕಬ್ಬನ್ ಪಾರ್ಕ್, ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ. ಯಾರನ್ನೂ ಕೇಳಬೇಕಾಗಿಲ್ಲ. ಇಲ್ಲಿ ಕಾಲಿಗಿಂತ ಮೊದಲು ಕ್ಯಾಲೆಂಡರ್ ಮತ್ತು ದಾರಿ ಸರಿಯಾಗಬೇಕು. ಆ ಎರಡು ಸರಿಯಾದರೆ ಓಟ ಕಷ್ಟ ಅಲ್ಲ, ನಿಜ ಹೇಳಬೇಕೆಂದರೆ ಬೆಂಗಳೂರಿಗಿಂತ ಎಷ್ಟೋ ಸುಲಭ.

ಇದು ಮ್ಯಾರಥಾನ್ ಓಡುವವರಿಗೆ ಬರೆದದ್ದಲ್ಲ. ಕೆಲಸಕ್ಕೋ ಓದಲಿಕ್ಕೋ ಬಂದು, ವಾರಕ್ಕೆ ಎರಡು ಮೂರು ಸಲ ಹೊರಗೆ ಹೋಗಿ ಓಡಬೇಕು ಅಂದುಕೊಂಡಿರುವವರಿಗೆ.

ಹಂತ 1: ಮೊದಲು ಬೆಳಕಿನ ಲೆಕ್ಕ ಹಾಕಿ

ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ, ಅಷ್ಟೆ. ಅದಕ್ಕೇ ನಮಗೆ ಬೆಳಿಗ್ಗೆ ಆರಕ್ಕೆ ಓಟ ಅಂದರೆ ವರ್ಷವಿಡೀ ಆರಕ್ಕೇ. ಬರ್ಲಿನ್‌ನಲ್ಲಿ ಜೂನ್ ಕೊನೆಗೆ ಸೂರ್ಯ ಹುಟ್ಟುವುದು ಬೆಳಿಗ್ಗೆ 4.45ರ ಆಸುಪಾಸು, ಮುಳುಗುವುದು ರಾತ್ರಿ 9.30 ಕಳೆದ ಮೇಲೆ. ಡಿಸೆಂಬರ್ ಕೊನೆಗೆ ಹುಟ್ಟುವುದು 8.15ಕ್ಕೆ, ಮುಳುಗುವುದು ಸಂಜೆ 4ಕ್ಕಿಂತಲೂ ಮೊದಲು. ಅದೂ ಮೋಡ ಇಲ್ಲದ ದಿನ. ಮೋಡ ಕವಿದರೆ ಮಧ್ಯಾಹ್ನ 3ಕ್ಕೇ ದೀಪ ಹಾಕಬೇಕಾಗುತ್ತದೆ. ಮ್ಯೂನಿಕ್ ಕಡೆ ಸ್ವಲ್ಪ ಪರವಾಗಿಲ್ಲ, ಆದರೂ ದೊಡ್ಡ ವ್ಯತ್ಯಾಸ ಏನಿಲ್ಲ.

ಅಕ್ಟೋಬರ್ ಕೊನೆಯ ಭಾನುವಾರವನ್ನು ಈಗಲೇ ಗುರುತು ಹಾಕಿಕೊಳ್ಳಿ. ಅವತ್ತು ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಶುಕ್ರವಾರ ಆಫೀಸ್ ಮುಗಿಸಿ ಬೆಳಕಿನಲ್ಲೇ ಓಡಿ ಬಂದವರಿಗೆ ಸೋಮವಾರ ಅದೇ ಹೊತ್ತಿಗೆ ಕತ್ತಲೆ. ಸುಮಾರು ಜನರ ಓಟ ನಿಂತುಹೋಗುವುದು ಇದೇ ವಾರದಲ್ಲಿ. ಮಾರ್ಚ್ ಕೊನೆಯ ಭಾನುವಾರ ಆ ಒಂದು ಗಂಟೆ ವಾಪಸ್ ಬರುತ್ತದೆ.

ಹಾಗಾಗಿ ವರ್ಷಕ್ಕೆಲ್ಲ ಒಂದೇ ಹೊತ್ತು ಅನ್ನುವ ಹಠ ಬೇಡ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ಓಡಿ, ಜೂನ್, ಜುಲೈನಲ್ಲಂತೂ ಊಟ ಮುಗಿಸಿ ಎಂಟಕ್ಕೆ ಹೊರಟರೂ ಬೆಳಕು ಇರುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ವಾರದಲ್ಲಿ ಒಂದು ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಇನ್ನೊಂದು ಶನಿವಾರವೋ ಭಾನುವಾರವೋ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ. ಮಧ್ಯಾಹ್ನ ಆಫೀಸಿನಿಂದ ಓಡಲು ಹೋಗುವುದು ಇಲ್ಲಿ ವಿಚಿತ್ರ ಅಲ್ಲ. ಸೈಕಲ್‌ನಲ್ಲಿ ಬರುವವರು ಜಾಸ್ತಿ ಇರುವುದರಿಂದ ಎಷ್ಟೋ ಆಫೀಸುಗಳಲ್ಲಿ ಸ್ನಾನದ ಮನೆಯೂ ಇರುತ್ತದೆ, ಒಮ್ಮೆ ಕೇಳಿ ನೋಡಿ. ಕ್ಯಾಲೆಂಡರ್‌ನಲ್ಲಿ 12ರಿಂದ 1ರವರೆಗೆ ಅಡ್ಡಗೆರೆ ಹಾಕಿಬಿಡಿ, ಮೀಟಿಂಗ್ ಯಾರೂ ಇಡುವುದಿಲ್ಲ. ಇಲ್ಲಿ ಊಟದ ಹೊತ್ತಿಗೆ ಅಷ್ಟು ಮರ್ಯಾದೆ ಇದೆ.

ಕತ್ತಲಲ್ಲೇ ಓಡಬೇಕಾದ ದಿನಗಳಿಗೆ ಬೀದಿ ದೀಪ ಇರುವ ಒಂದು ಚಿಕ್ಕ ಸುತ್ತನ್ನು ಮೊದಲೇ ನೋಡಿಟ್ಟುಕೊಳ್ಳಿ. ಪಾರ್ಕುಗಳಲ್ಲಿ ರಾತ್ರಿ ದೀಪ ಇರುತ್ತದೆ ಅಂತ ನಂಬಬೇಡಿ. ನಗರದ ನಟ್ಟನಡುವಿನ ದೊಡ್ಡ ಪಾರ್ಕಿನಲ್ಲೂ ಒಳದಾರಿ ಪೂರ್ತಿ ಕತ್ತಲೆ ಇರಬಹುದು. ತಲೆಗೆ ಕಟ್ಟುವ ಟಾರ್ಚ್ ಮತ್ತು ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಥವಾ ವೆಸ್ಟ್, ಇವೆರಡು ಇಲ್ಲದೆ ಚಳಿಗಾಲದ ಸಂಜೆ ಹೊರಡಬೇಡಿ. ನಾವು ಕಪ್ಪು ಟ್ರ್ಯಾಕ್ ಪ್ಯಾಂಟು, ಕಪ್ಪು ಜಾಕೆಟ್ ಹಾಕಿಕೊಂಡು ಹೋದರೆ ಸೈಕಲ್‌ನವರಿಗೆ ಕಾಣಿಸುವುದೇ ಇಲ್ಲ.

ಹಂತ 2: ನೀರು ಹುಡುಕಿ, ದಾರಿ ಸಿಗುತ್ತದೆ

ಹೊಸ ಊರಿನಲ್ಲಿ ಓಡುವ ದಾರಿ ಹುಡುಕಲು ನನ್ನ ಸಲಹೆ ಒಂದೇ. ಮ್ಯಾಪ್ ತೆಗೆದು ನದಿ, ಕೆರೆ, ಕಾಲುವೆ ಎಲ್ಲಿದೆ ನೋಡಿ. ನೀರಿನ ಪಕ್ಕದ ದಾರಿಯಲ್ಲಿ ಸಿಗ್ನಲ್ ಕಡಿಮೆ, ಏರು ಕಡಿಮೆ, ದಾರಿ ತಪ್ಪುವ ಭಯ ಇಲ್ಲ. ಹೋದಷ್ಟು ಹೋಗಿ ಹಾಗೇ ತಿರುಗಿ ಬಂದರಾಯಿತು.

ಹ್ಯಾಂಬರ್ಗ್‌ನವರಿಗೆ ಔಸೆನ್‌ಆಲ್ಸ್ಟರ್ ಕೆರೆ ಇದೆ. ಒಂದು ಸುತ್ತು ಸುಮಾರು 7.4 ಕಿಲೋಮೀಟರ್, ಯಾವ ಹೊತ್ತಿಗೆ ಹೋದರೂ ಓಡುವವರು ಇದ್ದೇ ಇರುತ್ತಾರೆ. ಫ್ರಾಂಕ್‌ಫರ್ಟ್‌ನಲ್ಲಿ ಮೈನ್ ನದಿಯ ಎರಡೂ ದಂಡೆಗಳಲ್ಲಿ ದಾರಿ ಇದೆ, ಮಧ್ಯೆ ಮಧ್ಯೆ ಸೇತುವೆ. ಇವತ್ತು ಸಾಕು ಅನ್ನಿಸಿದರೆ ಮುಂದಿನ ಸೇತುವೆ ದಾಟಿ ಆಚೆ ದಂಡೆಯಲ್ಲಿ ವಾಪಸ್. ಹೊಸಬರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಹ್ಯಾನೋವರ್‌ನಲ್ಲಿ ಮಾಶ್‌ಝೇ ಕೆರೆ ಇದೆ.

ಮ್ಯೂನಿಕ್‌ನಲ್ಲಿ ಇಸಾರ್ ನದಿ, ಅದರ ಪಕ್ಕದಲ್ಲೇ ಇಂಗ್ಲಿಷರ್ ಗಾರ್ಟನ್. 1789ರಲ್ಲಿ ಶುರುವಾದ ಪಾರ್ಕು, ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕಿಗಿಂತ ದೊಡ್ಡದು. ದಕ್ಷಿಣದ ತುದಿಯಲ್ಲಿ ಪ್ರವಾಸಿಗರ ಜಂಗುಳಿ. ಉತ್ತರದ ಕಡೆ ಹೋದರೆ ಯಾರೂ ಇಲ್ಲ, ಮಣ್ಣಿನ ದಾರಿ, ಮೊಣಕಾಲಿಗೆ ಒಳ್ಳೆಯದು.

ಬರ್ಲಿನ್‌ನಲ್ಲಿ ನನಗೆ ಇಷ್ಟದ ಜಾಗ ಟೆಂಪಲ್‌ಹೋಫರ್ ಫೆಲ್ಡ್. ಇದು 2008ರವರೆಗೆ ವಿಮಾನ ನಿಲ್ದಾಣ ಆಗಿತ್ತು. 2010ರಲ್ಲಿ ಜನರಿಗೆ ಬಿಟ್ಟುಕೊಟ್ಟರು. 300 ಹೆಕ್ಟೇರಿಗಿಂತ ದೊಡ್ಡ ಬಯಲು, ಹೊರಸುತ್ತು ಸುಮಾರು 6 ಕಿಲೋಮೀಟರ್, ಹಳೆಯ ರನ್‌ವೇ ಹಾಗೇ ಇದೆ. ವಿಮಾನ ಓಡುತ್ತಿದ್ದ ಡಾಂಬರಿನ ಮೇಲೆ ನೀವು ಓಡುತ್ತೀರಿ, ಪಕ್ಕದಲ್ಲಿ ಯಾರೋ ಗಾಳಿಪಟ ಬಿಡುತ್ತಿರುತ್ತಾರೆ. ಎರಡು ಎಚ್ಚರಿಕೆ. ಒಂದು, ಮರ ಇಲ್ಲ, ಗಾಳಿ ಜೋರು. ಇನ್ನೊಂದು, ಇದಕ್ಕೆ ಗೇಟ್ ಇದೆ, ಕತ್ತಲಾಗುವ ಹೊತ್ತಿಗೆ ಮುಚ್ಚುತ್ತಾರೆ. ತಿಂಗಳು ತಿಂಗಳಿಗೆ ಹೊತ್ತು ಬೇರೆ, ಗೇಟಿನ ಮೇಲೇ ಬರೆದಿರುತ್ತದೆ.

ಗಾಳಿ ಇರುವ ದಿನ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ, ಹೀಗೆ ದಿಕ್ಕು ಆರಿಸಿಕೊಳ್ಳಿ. ಉಲ್ಟಾ ಆದರೆ ಬೆವರಿದ ಮೈಗೆ ಎದುರಿನಿಂದ ತಣ್ಣನೆ ಗಾಳಿ ಹೊಡೆದು ನಡುಕ ಹುಟ್ಟುತ್ತದೆ.

ಕೊಮೂಟ್, ಸ್ಟ್ರಾವಾ ತರಹದ ಆ್ಯಪ್‌ಗಳಲ್ಲಿ ಅಕ್ಕಪಕ್ಕದವರು ಎಲ್ಲಿ ಓಡುತ್ತಾರೆ ಅಂತ ಕಾಣಿಸುತ್ತದೆ. ಉಪಯೋಗಿಸಿ, ಆದರೆ ನಿಮ್ಮ ಮನೆಯ ಜಾಗ ಕಾಣದಂತೆ ಸೆಟ್ಟಿಂಗ್ಸ್‌ನಲ್ಲಿ ಮುಚ್ಚಿಡಿ. ಒಂಟಿಯಾಗಿ ಇರುವವರು ಇದನ್ನು ಮೊದಲ ದಿನವೇ ಮಾಡಬೇಕು.

ಕಾಡು? ಧಾರಾಳವಾಗಿ ಹೋಗಿ. ಇಲ್ಲಿನ ಅರಣ್ಯ ಕಾಯ್ದೆಯ ಪ್ರಕಾರ ವಿಹಾರಕ್ಕೆ ಕಾಡಿಗೆ ಹೋಗುವ ಹಕ್ಕು ಎಲ್ಲರಿಗೂ ಇದೆ, ಖಾಸಗಿ ಕಾಡಾದರೂ ಸರಿ. ನಮ್ಮ ಕಡೆಯ ಹಾಗೆ ಚೆಕ್‌ಪೋಸ್ಟ್, ಪರ್ಮಿಟ್ ಏನೂ ಇಲ್ಲ. ಅಪಾಯ ಮಾತ್ರ ನಿಮ್ಮದೇ ಹೊಣೆ. ಬಿರುಗಾಳಿ ಬೀಸಿದ ಮೇಲೆ ಕೆಲವು ದಿನ ಹೋಗಬೇಡಿ, ಮುರಿದ ಕೊಂಬೆ ಮೇಲೆ ಸಿಕ್ಕಿಕೊಂಡು ಆಮೇಲೆ ಬೀಳುತ್ತದೆ. ಮರ ಕಡಿಯುತ್ತಿದ್ದಾರೆ ಅಂತ ದಾರಿಗೆ ಪಟ್ಟಿ ಕಟ್ಟಿದ್ದರೆ ದಾಟಬೇಡಿ.

ಎಲ್ಲಿ ಓಡಬಾರದು ಅಂದರೆ, ಸ್ಮಶಾನದಲ್ಲಿ. ಇಲ್ಲಿನ ಹಳೆಯ ಸ್ಮಶಾನಗಳು ಥೇಟ್ ಪಾರ್ಕಿನ ಹಾಗೇ ಕಾಣಿಸುತ್ತವೆ. ದೊಡ್ಡ ಮರಗಳು, ಅಗಲ ದಾರಿ, ಬೆಂಚು, ನೀರಿನ ನಲ್ಲಿ, ನಿಶ್ಶಬ್ದ. ಮ್ಯಾಪಿನಲ್ಲೂ ಹಸಿರು ಬಣ್ಣ. ಆದರೆ ಅಲ್ಲಿ ಓಡುವುದು ಸಾಮಾನ್ಯವಾಗಿ ನಿಷಿದ್ಧ, ಇಲ್ಲದಿದ್ದರೂ ಅಲ್ಲಿ ಬಂದವರಿಗೆ ನೋವಾಗುತ್ತದೆ. ಬಾಗಿಲಲ್ಲಿ ಫ್ರೀಡ್‌ಹೋಫ್ ಅಂತ ಬರೆದಿದ್ದರೆ ನಡೆದು ಹೋಗಿ ಅಥವಾ ಸುತ್ತಿಕೊಂಡು ಹೋಗಿ.

ಹಂತ 3: ದಾರಿಯ ನಿಯಮ, ಮುಖ್ಯವಾಗಿ ಸೈಕಲ್ ದಾರಿ

ಹೊಸಬರು ಬೈಸಿಕೊಳ್ಳುವುದು ಇಲ್ಲೇ. ಫುಟ್‌ಪಾತಿನ ಪಕ್ಕಕ್ಕೆ ನುಣ್ಣಗೆ, ಹಲವು ಕಡೆ ಕೆಂಪು ಬಣ್ಣದಲ್ಲಿ, ಇನ್ನೊಂದು ಪಟ್ಟಿ ಹೋಗಿರುತ್ತದೆ. ಫುಟ್‌ಪಾತ್ ಕಲ್ಲಿನದು, ಉಬ್ಬು ತಗ್ಗು. ಪಟ್ಟಿ ಸಮತಟ್ಟು. ಓಡಲು ಹೇಳಿ ಮಾಡಿಸಿದ ಹಾಗಿದೆ ಅಲ್ವಾ? ಅದು ಸೈಕಲ್ ದಾರಿ. ಕಾಲಿಟ್ಟ ಅರೆಕ್ಷಣಕ್ಕೆ ಹಿಂದಿನಿಂದ ಬೆಲ್ ಕೇಳುತ್ತದೆ, ಒಂದು ಸಲ ಅಲ್ಲ, ಟ್ರಿಂಗ್ ಟ್ರಿಂಗ್ ಟ್ರಿಂಗ್ ಅಂತ, ಆಮೇಲೆ ಪಕ್ಕದಿಂದ ದಾಟಿಹೋಗುವಾಗ ಒಂದು ಮಾತು. ಅರ್ಥ ಆಗದಿದ್ದರೂ ಧಾಟಿಯಲ್ಲೇ ಗೊತ್ತಾಗುತ್ತದೆ.

ನೀಲಿ ಬಣ್ಣದ ದುಂಡು ಫಲಕಗಳನ್ನು ನೋಡಿ ಕಲಿತುಕೊಳ್ಳಿ. ಬರೀ ಸೈಕಲ್ ಚಿತ್ರ ಇದ್ದರೆ ನಿಮಗೆ ಜಾಗ ಇಲ್ಲ. ಮೇಲೆ ಮಗುವಿನ ಕೈ ಹಿಡಿದ ದೊಡ್ಡವರು, ಕೆಳಗೆ ಸೈಕಲ್, ನಡುವೆ ಅಡ್ಡಗೆರೆ ಇದ್ದರೆ ಇಬ್ಬರಿಗೂ ಒಂದೇ ದಾರಿ, ಬಲಗಡೆ ಓಡಿ. ಉದ್ದಗೆರೆ ಎಳೆದು ಒಂದು ಪಕ್ಕ ಮನುಷ್ಯರು, ಇನ್ನೊಂದು ಪಕ್ಕ ಸೈಕಲ್ ಇದ್ದರೆ ಚಿತ್ರದಲ್ಲಿ ಮನುಷ್ಯರು ಯಾವ ಬದಿಗೆ ಇದ್ದಾರೋ ಆ ಬದಿಗೆ. ಫಲಕ ನೋಡದೆ ಸುಮ್ನೆ ಊಹೆ ಮಾಡಬೇಡಿ. ಸೈಕಲ್ ದಾರಿಯಲ್ಲಿ ನಿಮ್ಮಿಂದ ಯಾರಾದರೂ ಬಿದ್ದು ಪೆಟ್ಟಾದರೆ ಖರ್ಚು ನಿಮ್ಮ ತಲೆಗೆ ಬರಬಹುದು. ಇಂಥದ್ದಕ್ಕೇ ಇಲ್ಲಿ ಹೆಚ್ಚಿನವರು ಹಾಫ್ಟ್‌ಪ್ಲಿಖ್ಟ್ ಅನ್ನುವ ವಿಮೆ ಮಾಡಿಸಿರುತ್ತಾರೆ, ನೀವು ಇನ್ನೂ ಮಾಡಿಸಿಲ್ಲ ಅಂದರೆ ಓಡಲು ಶುರು ಮಾಡುವ ಮೊದಲು ಮಾಡಿಸಿ.

ಊರಿನ ಹೊರಗೆ ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಎಡಬದಿಗೆ ಓಡಬೇಕು. ಇಲ್ಲಿ ವಾಹನಗಳು ಬಲಕ್ಕೆ ಓಡುವುದರಿಂದ ಎಡಕ್ಕಿದ್ದರೆ ಎದುರಿನ ಕಾರು ನಿಮ್ಮ ಕಣ್ಣಿಗೆ ಬೀಳುತ್ತದೆ. ರಸ್ತೆ ದಾಟುವಾಗ ನಮ್ಮ ತಲೆ ಅಭ್ಯಾಸಬಲದಿಂದ ಬಲಕ್ಕೆ ತಿರುಗುತ್ತದೆ, ಕಾರು ಬರುವುದು ಎಡದಿಂದ. ಸುಸ್ತಾದಾಗ ಈ ಹಳೆಯ ಅಭ್ಯಾಸ ಮೇಲೆ ಬರುತ್ತದೆ, ಹಾಗಾಗಿ ಓಟದ ಕೊನೆಯ ಕಿಲೋಮೀಟರಿನಲ್ಲಿ ಜಾಸ್ತಿ ಎಚ್ಚರ ಇರಲಿ. ಟ್ರಾಮ್ ಇರುವ ಊರಲ್ಲಿ ಹಳಿಯ ಮೇಲೆ ಕಾಲಿಡದೆ ದಾಟಿ, ಮಳೆ ಬಂದರೆ ಹಳಿ ಜಾರುತ್ತದೆ.

ಕೆಂಪು ಸಿಗ್ನಲ್ ಇದ್ದಾಗ ದಾಟಿದರೆ ದಂಡ 5 ಯೂರೋ. ಹಣ ದೊಡ್ಡದಲ್ಲ. ಆದರೆ ಪಕ್ಕದಲ್ಲಿ ಮಗು ನಿಂತಿದ್ದಾಗ ದಾಟಿದರೆ ಪೊಲೀಸರಿಗಿಂತ ಮೊದಲು ಆ ಮಗುವಿನ ಅಜ್ಜಿ ನಿಮ್ಮನ್ನು ವಿಚಾರಿಸಿಕೊಳ್ಳುತ್ತಾರೆ. ಖಾಲಿ ರಸ್ತೆಯಲ್ಲಿ ನಿಂತಲ್ಲೇ ಕುಣಿಯುತ್ತಾ ಹಸಿರಿಗೆ ಕಾಯುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಹಿಂದಿನಿಂದ ಯಾರನ್ನಾದರೂ ದಾಟುವಾಗ, ಅದರಲ್ಲೂ ವಯಸ್ಸಾದವರನ್ನು, ಸ್ವಲ್ಪ ದೂರದಿಂದಲೇ ಹಲ್ಲೋ ಅನ್ನಿ. ಕುದುರೆ ಸವಾರಿ ಮಾಡುವವರು ಸಿಕ್ಕರೆ ಓಟ ನಿಲ್ಲಿಸಿ, ಮಾತಾಡಿ, ನಡೆದು ದಾಟಿ. ನಾಯಿ ಓಡಿ ಬಂದರೆ ನೀವೂ ಓಡಬೇಡಿ, ನಿಂತುಬಿಡಿ. ಮಾಲೀಕರು ದೂರದಿಂದಲೇ ಏನೂ ಮಾಡಲ್ಲ ಅಂತ ಕೂಗುತ್ತಾರೆ. ಈ ಮಾತು ಎಲ್ಲ ದೇಶದಲ್ಲೂ ಒಂದೇ! ಕಾಡಿನಲ್ಲಿ, ಚಿಕ್ಕ ಊರುಗಳಲ್ಲಿ ಎದುರಾದವರಿಗೆ ನಮಸ್ಕಾರ ಹೇಳುವುದು ರೂಢಿ. ಬವೇರಿಯಾದಲ್ಲಿ ಗ್ರೂಸ್ ಗಾಟ್ ಅಥವಾ ಸೆರ್ವುಸ್, ಹ್ಯಾಂಬರ್ಗ್ ಕಡೆ ಮೊಯಿನ್. ದೊಡ್ಡ ನಗರದಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಹಂತ 4: ಬಟ್ಟೆ

ಬಾಗಿಲ ಹೊರಗೆ ಬಂದಾಗ ನಿಮಗೆ ಸ್ವಲ್ಪ ಚಳಿ ಆಗಬೇಕು. ಬೆಚ್ಚಗಿದ್ದರೆ ಬಟ್ಟೆ ಜಾಸ್ತಿ ಆಯಿತು ಅಂತ ಅರ್ಥ, ಕಾಲು ಗಂಟೆಯಲ್ಲಿ ಬೆವರಿ ಒದ್ದೆಯಾಗಿ, ಆ ಒದ್ದೆಯಿಂದಲೇ ಚಳಿ ಹಿಡಿಯುತ್ತದೆ. ಹೊರಗಿನ ಉಷ್ಣಾಂಶಕ್ಕೆ ಹತ್ತು ಡಿಗ್ರಿ ಸೇರಿಸಿ, ಅಷ್ಟು ಡಿಗ್ರಿಯಲ್ಲಿ ನಡೆದಾಡಲು ಏನು ಹಾಕುತ್ತಿದ್ದಿರೋ ಅದನ್ನು ಹಾಕಿ. 15 ಡಿಗ್ರಿ ದಾಟಿದರೆ ಟೀ ಶರ್ಟು, ಚಡ್ಡಿ ಸಾಕು. 8ರಿಂದ 15ರ ನಡುವೆ ತುಂಬುತೋಳಿನ ತೆಳು ಅಂಗಿ. 0ಯಿಂದ 8ರವರೆಗೆ ಒಳಗೆ ಬೆವರು ಹೀರದ ಬಟ್ಟೆ, ಮೇಲೆ ಗಾಳಿ ತಡೆಯುವ ತೆಳು ಜಾಕೆಟ್, ಉದ್ದ ಟೈಟ್ಸ್, ಕಿವಿ ಮುಚ್ಚುವ ಪಟ್ಟಿ, ಗ್ಲೌಸ್. ಸೊನ್ನೆಗಿಂತ ಕೆಳಗೆ ನಡುವೆ ಇನ್ನೊಂದು ಪದರ, ತಲೆಗೆ ಟೋಪಿ, ಬೇಕಾದರೆ ಕುತ್ತಿಗೆಯ ಬಟ್ಟೆಯನ್ನು ಬಾಯಿವರೆಗೆ ಎಳೆದುಕೊಳ್ಳಿ.

ಹತ್ತಿ ಬಟ್ಟೆ ಬೇಡ. ಊರಿನಿಂದ ತಂದ ಕಾಟನ್ ಟೀ ಶರ್ಟ್ ಮನೆಯಲ್ಲಿ ಹಾಕಿಕೊಳ್ಳಿ. ದುಬಾರಿ ಬ್ರ್ಯಾಂಡೇ ಬೇಕು ಅಂತ ಇಲ್ಲ, ಡೆಕಾತ್ಲಾನ್ ಇಲ್ಲೂ ಇದೆ. ಆಲ್ಡಿ, ಲಿಡ್ಲ್‌ನಂಥ ಅಂಗಡಿಗಳು ಆಗಾಗ ಓಟದ ಬಟ್ಟೆಗಳನ್ನು ಕಡಿಮೆ ಬೆಲೆಗೆ ತರುತ್ತವೆ. ಹಣ ಹಾಕುವುದಾದರೆ ಶೂಗೆ ಹಾಕಿ. ನಮ್ಮಲ್ಲಿ ಶೂ ಅಳತೆ ಯುಕೆ ಲೆಕ್ಕದ್ದು, ಇಲ್ಲಿ ಯುರೋಪಿನದು, 42, 43 ಅಂತ. ಅಂಗಡಿಗೆ ಹೋಗಿ ಹಾಕಿ ನೋಡಿಯೇ ತಗೊಳ್ಳಿ, ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಲಿ. ಭಾನುವಾರ ಅಂಗಡಿ ತೆಗೆದಿರುವುದಿಲ್ಲ, ನೆನಪಿರಲಿ.

ಹಂತ 5: ಬೀಗದ ಕೈ

ಇದಕ್ಕೆ ಬೇರೆಯೇ ಹಂತ ಯಾಕೆ ಅನ್ನಬೇಡಿ. ಇಲ್ಲಿನ ಬಹಳಷ್ಟು ಮನೆ ಬಾಗಿಲುಗಳಿಗೆ ಹೊರಗಡೆ ತಿರುಗಿಸುವ ಹಿಡಿ ಇರುವುದಿಲ್ಲ, ಬರೀ ಗುಂಡಿ. ಬಾಗಿಲು ಎಳೆದುಕೊಂಡಿತೋ, ಮುಗಿಯಿತು, ಕೀ ಇಲ್ಲದೆ ತೆಗೆಯಲು ಆಗುವುದಿಲ್ಲ. ಟೈಟ್ಸ್ ಹಾಕಿಕೊಂಡು, ಫೋನ್ ಕೈಯಲ್ಲಿ ಹಿಡಿದು, ಕಿವಿಗೆ ಹಾಡು ಹಾಕಿ ಹೊರಟು, ಹಿಂದೆ ಕ್ಲಿಕ್ ಅಂದ ಮೇಲೆ ನೆನಪಾದರೆ ಏನು ಮಾಡುತ್ತೀರಿ? ಬೀಗ ತೆಗೆಯುವವರನ್ನು ಕರೆಸಬೇಕು. ರಾತ್ರಿ, ಭಾನುವಾರ ಅಂದರೆ ನೂರಾರು ಯೂರೋ ಕೇಳುವವರೂ ಇದ್ದಾರೆ. ಅಷ್ಟು ಹೊತ್ತು ಬೆವರಿದ ಮೈಯಲ್ಲಿ ಮೆಟ್ಟಿಲ ಮೇಲೆ ಕೂತಿರಬೇಕು.

ಹಾಗಾಗಿ ಝಿಪ್ ಇರುವ ಜೇಬು ಅಥವಾ ಸೊಂಟದ ಪಟ್ಟಿ ತಗೊಳ್ಳಿ. ಓಡುವಾಗ ಕೀ ಗೊಂಚಲು ಎಲ್ಲ ಬೇಡ, ಮನೆಯದು ಮತ್ತು ಕೆಳಗಿನ ಮುಖ್ಯ ಬಾಗಿಲಿನದು, ಎರಡು ಮಾತ್ರ. ಇನ್ನೊಂದು ಜೊತೆ ಕೀಯನ್ನು ಹತ್ತಿರದ ಗೆಳೆಯರ ಮನೆಯಲ್ಲಿ ಇಟ್ಟಿರಿ. ಜೊತೆಗೆ ಆರೋಗ್ಯ ವಿಮೆಯ ಕಾರ್ಡು, ಪ್ರಯಾಣದ ಟಿಕೆಟ್, ಸ್ವಲ್ಪ ಚಿಲ್ಲರೆ. ಚಿಲ್ಲರೆ ಯಾಕೆಂದರೆ ಶೌಚಾಲಯ. ಸಾರ್ವಜನಿಕ ಶೌಚಾಲಯ ಕಡಿಮೆ, ಇರುವುದಕ್ಕೂ ಹಲವು ಕಡೆ ದುಡ್ಡು. ಫೋನನ್ನು ಒಳಜೇಬಿನಲ್ಲಿ ಮೈಗೆ ಹತ್ತಿರ ಇಡಿ, ತುಂಬಾ ಚಳಿಯಲ್ಲಿ ಬ್ಯಾಟರಿ ಇದ್ದಕ್ಕಿದ್ದಂತೆ ಸತ್ತುಹೋಗುತ್ತದೆ.

ನಲ್ಲಿ ನೀರು ಕುಡಿಯಬಹುದು. ಆದರೆ ಕೈನ್ ಟ್ರಿಂಕ್‌ವಾಸರ್ ಅಂತ ಬರೆದ ಕಾರಂಜಿ, ಕೊಳಾಯಿಯ ನೀರು ಕುಡಿಯಬೇಡಿ. ಪಾರ್ಕಿನ ಕುಡಿಯುವ ನೀರಿನ ನಲ್ಲಿಗಳನ್ನು ಚಳಿಗಾಲದಲ್ಲಿ ನಿಲ್ಲಿಸಿಬಿಡುತ್ತಾರೆ.

ಹಂತ 6: ಮೊದಲ ಎರಡು ತಿಂಗಳು

ಪೂರ್ತಿ ಹೊಸಬರಾದರೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಹತ್ತು ಸಲ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ವಾರ ವಾರಕ್ಕೆ ಓಟ ಸ್ವಲ್ಪ ಹೆಚ್ಚಿಸಿ, ನಡಿಗೆ ಸ್ವಲ್ಪ ಇಳಿಸಿ. ಎಂಟು ಹತ್ತು ವಾರದಲ್ಲಿ ಅರ್ಧ ಗಂಟೆ ನಿಲ್ಲದೆ ಓಡುವಂತಾಗುತ್ತದೆ. ಓಡುತ್ತಾ ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡಲು ಆಗುವಷ್ಟು ನಿಧಾನ ಇರಲಿ. ಏದುಸಿರು ಬಂದು, ಎಲ್ಲಿದ್ದೀಯಾ, ಏನಾಯ್ತು ಅಂತ ಅವರು ಗಾಬರಿಯಾದರೆ ವೇಗ ಜಾಸ್ತಿ ಆಯಿತು.

ಊರಲ್ಲಿ ಓಡಿ ಅಭ್ಯಾಸ ಇದ್ದವರಿಗೆ ಒಂದು ಖುಷಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಬರ್ಲಿನ್, ಹ್ಯಾಂಬರ್ಗ್ ಹೆಚ್ಚುಕಡಿಮೆ ಸಮತಟ್ಟು, 50 ಮೀಟರಿನ ಒಳಗೆ. ಸೆಕೆಯೂ ಇಲ್ಲ. ಹಾಗಾಗಿ ಮೊದಲ ದಿನಗಳಲ್ಲಿ ವೇಗ ತಾನಾಗಿ ಏರುತ್ತದೆ. ಉಸಿರು ಹೂಂ ಅಂದರೂ ಮೊಣಕಾಲು, ಮೀನಖಂಡ ಇನ್ನೂ ಹೂಂ ಅಂದಿರುವುದಿಲ್ಲ. ಚಳಿಯಲ್ಲಿ ಮೊದಲ ಹತ್ತು ನಿಮಿಷ ಬೇಕಂತಲೇ ನಿಧಾನ ಇರಿ. ಉಬ್ಬಸ ಇರುವವರು ತಣ್ಣನೆ ಒಣಗಾಳಿಯಲ್ಲಿ ಓಡುವ ಮೊದಲು ಡಾಕ್ಟರ್ ಹತ್ತಿರ ಮಾತಾಡಿ.

ವಿಟಮಿನ್ ಡಿ ಬಗ್ಗೆಯೂ ಅದೇ ಭೇಟಿಯಲ್ಲಿ ಕೇಳಿಬಿಡಿ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇಲ್ಲಿನ ಬಿಸಿಲಿಗೆ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವಷ್ಟು ಶಕ್ತಿ ಇಲ್ಲ, ನಮ್ಮ ಕಪ್ಪು ಚರ್ಮಕ್ಕೆ ಬೇಸಿಗೆಯಲ್ಲೂ ಹೆಚ್ಚು ಹೊತ್ತು ಬೇಕು. ಸಸ್ಯಾಹಾರಿಗಳು ಬಿ12 ಕೂಡ ನೋಡಿಸಿ. ಸುಮ್ಮನೆ ಕಾಲುನೋವು, ಸುಸ್ತು ಅಂತ ಶೂ ಬದಲಾಯಿಸುತ್ತಾ ಕೂರುವುದಕ್ಕಿಂತ ಒಂದು ರಕ್ತಪರೀಕ್ಷೆ ಮೇಲು. ಓಟದ ಮೊದಲು ತಿನ್ನಲು ಒಂದು ಬಾಳೆಹಣ್ಣು, ಬಂದ ಮೇಲೆ ಮೊಸರವಲಕ್ಕಿ. ವಿಶೇಷ ಪುಡಿ, ಜೆಲ್ ಎಲ್ಲ ಅರ್ಧ ಗಂಟೆ ಓಡುವವರಿಗೆ ಬೇಕಿಲ್ಲ.

ಹಂತ 7: ಹಿಮ ಪರವಾಗಿಲ್ಲ, ಗಾಜಿನಂಥ ಐಸ್ ಅಪಾಯ

ಹೊಸದಾಗಿ ಬಿದ್ದ ಹಿಮದ ಮೇಲೆ ಓಡಬಹುದು, ಮಜವೂ ಇರುತ್ತದೆ, ಹೆಜ್ಜೆ ಗಿಡ್ಡ ಮಾಡಿ. ಭಯಪಡಬೇಕಾದದ್ದು ಕಣ್ಣಿಗೆ ಕಾಣದ ಐಸಿಗೆ. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದಾಗ, ಅಥವಾ ಹೆಪ್ಪುಗಟ್ಟಿದ ನೆಲದ ಮೇಲೆ ಮಳೆ ಬಿದ್ದಾಗ, ರಸ್ತೆ ಒದ್ದೆಯಾಗಿದೆ ಅಷ್ಟೆ ಅನ್ನುವ ಹಾಗೆ ಕಾಣುತ್ತದೆ. ಇಂಥ ದಿನ ಹವಾಮಾನ ಇಲಾಖೆಯ ವಾರ್ನ್‌ವೆಟರ್ ಆ್ಯಪ್‌ನಲ್ಲಿ ಗ್ಲಾಟ್‌ಐಸ್ ಅಂತ ಎಚ್ಚರಿಕೆ ಬರುತ್ತದೆ. ಬಂದ ದಿನ ಓಡಬೇಡಿ. ಕಾಲು ಮುರಿದುಕೊಂಡು ಆರು ವಾರ ಮಲಗುವುದಕ್ಕಿಂತ ಒಂದು ದಿನ ಬಿಡುವುದು ಲೇಸು.

ಮನೆ ಮುಂದಿನ ಫುಟ್‌ಪಾತನ್ನು ಮನೆ ಮಾಲೀಕರೇ ಚೊಕ್ಕಟ ಮಾಡಿಸಬೇಕು ಅನ್ನುವುದು ನಿಯಮ, ಹಾಗಾಗಿ ಹಿಮ ಬಿದ್ದ ದಿನ ಬೆಳಿಗ್ಗೆ ಪಾರ್ಕಿಗಿಂತ ಮನೆಗಳಿರುವ ಬೀದಿಗಳೇ ಓಡಲು ವಾಸಿ. ಪಾರ್ಕಿನ ದಾರಿಯನ್ನು ಎಲ್ಲ ಕಡೆ ಸ್ವಚ್ಛ ಮಾಡುವುದಿಲ್ಲ. ಬೀದಿಗೆ ಚಿಕ್ಕ ಚಿಕ್ಕ ಜಲ್ಲಿ ಎರಚುತ್ತಾರೆ. ಅದು ಶೂ ಅಡಿಯ ಸಂದಿನಲ್ಲಿ ಸಿಕ್ಕಿಕೊಂಡು ಮನೆಯ ಮರದ ನೆಲ ಗೀಚುತ್ತದೆ, ಬಾಗಿಲಲ್ಲೇ ಶೂ ಬಿಚ್ಚಿ ಕಲ್ಲು ತೆಗೆಯಿರಿ. ನವೆಂಬರಿನಲ್ಲಿ ಒದ್ದೆ ಎಲೆಗಳೂ ಅಷ್ಟೇ ಜಾರುತ್ತವೆ.

ಹಂತ 8: ಉಣುಗು, ಹದ್ದು, ಹಂದಿ, ಪರಾಗ

ಮಲೆನಾಡಿನವರಿಗೆ ಉಣುಗಿನ ಬಗ್ಗೆ ಹೇಳಬೇಕಾಗಿಲ್ಲ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ವೈರಸ್ಸಿಗೂ ಇಲ್ಲಿ ಉಣುಗಿನಿಂದ ಬರುವ ಮಿದುಳಿನ ಜ್ವರದ ವೈರಸ್ಸಿಗೂ ಹತ್ತಿರದ ನಂಟು. ಇಲ್ಲಿ ಅದನ್ನು ಎಫ್‌ಎಸ್‌ಎಂಇ ಅನ್ನುತ್ತಾರೆ. ಬವೇರಿಯಾ, ಬಾಡನ್ ವ್ಯುರ್ಟೆಂಬರ್ಗ್ ರಾಜ್ಯಗಳ ಹೆಚ್ಚುಭಾಗ ಅಪಾಯದ ಪ್ರದೇಶ. ಅಂದರೆ ಮ್ಯೂನಿಕ್, ಸ್ಟುಟ್‌ಗಾರ್ಟ್ ಸುತ್ತಮುತ್ತ ಕಾಡಿನಲ್ಲಿ ಓಡುವವರೆಲ್ಲ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಮೂರು ಡೋಸ್, ಒಂದು ವರ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಅಪಾಯದ ಪ್ರದೇಶದಲ್ಲಿ ಇರುವವರಿಗೆ ಸರ್ಕಾರಿ ಆರೋಗ್ಯ ವಿಮೆಯೇ ಖರ್ಚು ಕೊಡುತ್ತದೆ. ಚಳಿಗಾಲದಲ್ಲೇ ಶುರು ಮಾಡಿದರೆ ವಸಂತಕ್ಕೆ ಎರಡು ಡೋಸ್ ಆಗಿರುತ್ತದೆ.

ಇನ್ನೊಂದು ಕಾಯಿಲೆ ಬೊರೆಲಿಯೋಸಿಸ್. ಅದು ಜರ್ಮನಿಯ ಎಲ್ಲ ಕಡೆ ಇದೆ, ಅದಕ್ಕೆ ಇಲ್ಲಿ ಹಾಕಿಸಿಕೊಳ್ಳಲು ಲಸಿಕೆ ಇಲ್ಲ, ಆದರೆ ಬೇಗ ಗೊತ್ತಾದರೆ ಆ್ಯಂಟಿಬಯೋಟಿಕ್‌ನಿಂದ ಗುಣವಾಗುತ್ತದೆ. ಕಾಡು, ಹುಲ್ಲಿನ ದಾರಿಯಿಂದ ಬಂದ ದಿನ ಸ್ನಾನದ ಮನೆಯಲ್ಲಿ ಬಟ್ಟೆ ಬಿಚ್ಚಿ ಮೊಣಕಾಲಿನ ಹಿಂಭಾಗ, ತೊಡೆಸಂದು, ಸೊಂಟದ ಪಟ್ಟಿ ಇದ್ದ ಜಾಗ, ಕಂಕುಳು, ಕಿವಿ ಹಿಂದೆ ನೋಡಿಕೊಳ್ಳಿ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ, ಮಚ್ಚೆ ಅಂದುಕೊಂಡು ಬಿಟ್ಟುಬಿಡಬಹುದು. ಬೆರಳಿನಿಂದ ಮೆಲ್ಲಗೆ ಸವರಿದರೆ ತಗುಲುತ್ತದೆ. ಕಚ್ಚಿಕೊಂಡಿದ್ದರೆ ಚೂಪು ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ, ನಿಧಾನವಾಗಿ ಎಳೆಯಿರಿ. ಹೊಟ್ಟೆ ಹಿಚುಕಬೇಡಿ. ಎಣ್ಣೆ, ಬೆಂಕಿಕಡ್ಡಿ, ಸುಣ್ಣ, ಯಾವುದೂ ಬೇಡ. ಆ ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ವಾರಗಳಲ್ಲಿ ಸುತ್ತ ಕೆಂಪು ಉಂಗುರ ದೊಡ್ಡದಾಗುತ್ತಾ ಹೋದರೆ ಅಥವಾ ಜ್ವರ ಬಂದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಏಪ್ರಿಲ್‌ನಿಂದ ಜುಲೈವರೆಗೆ ಹದ್ದಿನ ಜಾತಿಯ ಬಸ್ಸಾರ್ಡ್ ಹಕ್ಕಿ ಗೂಡು ಕಾಯುತ್ತಿರುತ್ತದೆ. ಓಡುವವರ ತಲೆಗೆ ಹಿಂದಿನಿಂದ ಎರಗುವುದೂ ಉಂಟು. ತಲೆ ಮೇಲೆ ಕೈ ಇಟ್ಟುಕೊಂಡು, ಹಕ್ಕಿಯ ಕಡೆ ನೋಡುತ್ತಾ ನಡೆದು ಹೊರಬನ್ನಿ. ಕೆಲವು ವಾರ ಬೇರೆ ದಾರಿ ಹಿಡಿಯಿರಿ. ಬರ್ಲಿನ್‌ನ ಗ್ರೂನೆವಾಲ್ಡ್ ಕಾಡಿನಲ್ಲಿ ಕಾಡುಹಂದಿಗಳಿವೆ, ಮರಿ ಜೊತೆಗಿದ್ದರೆ ಫೋಟೋ ಆಸೆ ಬಿಟ್ಟು ಹಿಂದೆ ಸರಿಯಿರಿ.

ಪರಾಗದ ಅಲರ್ಜಿ ಮೊದಲ ವರ್ಷ ಇಲ್ಲದೆ ಎರಡನೆಯ, ಮೂರನೆಯ ವರ್ಷ ಶುರುವಾಗಬಹುದು. ಏಪ್ರಿಲ್‌ನಲ್ಲಿ ಬರ್ಚ್ ಮರ, ಮೇ ಜೂನ್‌ನಲ್ಲಿ ಹುಲ್ಲು. ಕಣ್ಣು ತುರಿಕೆ, ಸಾಲು ಸೀನು ಬಂದರೆ ನೆಗಡಿ ಅಂತ ಕಷಾಯ ಕುಡಿಯುತ್ತಾ ಕೂರಬೇಡಿ, ಪರೀಕ್ಷೆ ಮಾಡಿಸಿ. ಮಳೆ ನಿಂತ ಮೇಲೆ ಓಡಿದರೆ ಗಾಳಿ ತೊಳೆದಿರುತ್ತದೆ. ಬಂದ ಕೂಡಲೇ ತಲೆ ತೊಳೆಯಿರಿ.

ಹಂತ 9: ಏನಾದರೂ ಆದರೆ

ಆಂಬುಲೆನ್ಸಿಗೆ 112, ಪೊಲೀಸಿಗೆ 110. ಜೀವಕ್ಕೆ ಅಪಾಯ ಇಲ್ಲ, ಆದರೆ ಕ್ಲಿನಿಕ್ ಮುಚ್ಚಿದ ಹೊತ್ತು ಅಂದರೆ 116117. ಕಾಡಿನಲ್ಲಿ ಬಿದ್ದರೆ ಎಲ್ಲಿದ್ದೀರಿ ಅಂತ ಹೇಳುವುದೇ ಕಷ್ಟ. ಅದಕ್ಕೇ ಹಲವು ಕಾಡುದಾರಿಗಳಲ್ಲಿ ಹಸಿರು ಹಲಗೆಯ ಮೇಲೆ ಬಿಳಿ ಕ್ರಾಸ್ ಮತ್ತು ಒಂದು ನಂಬರ್ ಹಾಕಿರುತ್ತಾರೆ. ಆ ನಂಬರ್ ಹೇಳಿದರೆ ಆಂಬುಲೆನ್ಸ್ ಎಲ್ಲಿಗೆ ಬರಬೇಕು ಅಂತ ಅವರಿಗೆ ಗೊತ್ತಾಗುತ್ತದೆ. ದಾಟುವಾಗ ಒಂದು ನೋಟ ಹಾಕಿಕೊಂಡೇ ಹೋಗಿ. ಯಾವ ಕಡೆ ಹೋಗುತ್ತಿದ್ದೇನೆ, ಎಷ್ಟೊತ್ತಿಗೆ ಬರುತ್ತೇನೆ ಅಂತ ಯಾರಿಗಾದರೂ ಒಂದು ಮೆಸೇಜ್ ಹಾಕಿ, ಇಯರ್‌ಫೋನ್ ಒಂದು ಕಿವಿಗೆ ಮಾತ್ರ ಇರಲಿ. ಹೆಂಗಸರಿಗೆ ಮಾತ್ರ ಹೇಳುವ ಬುದ್ಧಿಮಾತಲ್ಲ ಇದು, ಎಲ್ಲರಿಗೂ.

ಹಂತ 10: ಜೊತೆ ಹುಡುಕಿ, ನಂಬರ್ ಕಟ್ಟಿ

ಒಬ್ಬರೇ ಓಡಿ ಬೇಸರವಾದರೆ ಪಾರ್ಕ್‌ರನ್‌ಗೆ ಹೋಗಿ. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕಿನಲ್ಲಿ ಶುರುವಾದದ್ದು, ಜರ್ಮನಿಗೆ 2017ರಲ್ಲಿ ಬಂತು. ಶನಿವಾರ ಬೆಳಿಗ್ಗೆ 9ಕ್ಕೆ, 5 ಕಿಲೋಮೀಟರ್, ಪೂರ್ತಿ ಉಚಿತ. ಒಮ್ಮೆ ಹೆಸರು ನೋಂದಾಯಿಸಿ ಬಾರ್‌ಕೋಡ್ ತಗೊಂಡರೆ ಮುಂದೆ ಬೇರೆ ದೇಶಕ್ಕೆ ಹೋದರೂ ಅದೇ ನಡೆಯುತ್ತದೆ. ನಡೆದು ಮುಗಿಸಿದರೂ ಯಾರೂ ಏನೂ ಅನ್ನುವುದಿಲ್ಲ, ಎಲ್ಲರಿಗಿಂತ ಹಿಂದೆ ಬರಲು ಒಬ್ಬ ಸ್ವಯಂಸೇವಕರನ್ನು ನೇಮಿಸಿರುತ್ತಾರೆ, ಹಾಗಾಗಿ ನೀವು ಕೊನೆಯವರಾಗುವುದೇ ಇಲ್ಲ. ಮುಗಿದ ಮೇಲೆ ಕಾಫಿ. ಆಫೀಸಿನಲ್ಲಿ ವರ್ಷಗಟ್ಟಲೆ ಆಗದ ಪರಿಚಯ ಆ ಕಾಫಿ ಮೇಜಿನಲ್ಲಿ ಆಗುತ್ತದೆ. ಊರಿನ ಕ್ರೀಡಾ ಸಂಘಗಳು ವಾರಕ್ಕೊಮ್ಮೆ ನಡೆಸುವ ಲಾಫ್‌ಟ್ರೆಫ್, ಅಂದರೆ ಒಟ್ಟಿಗೆ ಸೇರಿ ಓಡುವ ಕೂಟ, ಕೂಡ ಹೀಗೇ. ಚಳಿಗಾಲದ ಕತ್ತಲಿಗೆ ಗುಂಪಿಗಿಂತ ಒಳ್ಳೆಯ ಮದ್ದಿಲ್ಲ.

ಸ್ಪರ್ಧೆಗೆ ಹೆಸರು ಕೊಡುವುದಾದರೆ ಮೊದಲು ಕಂಪನಿ ಓಟ ನೋಡಿ. ಫ್ರಾಂಕ್‌ಫರ್ಟ್‌ನಲ್ಲಿ ಬೇಸಿಗೆಯಲ್ಲಿ ನಡೆಯುವ ಜೆ.ಪಿ. ಮಾರ್ಗನ್ ಓಟ 5.6 ಕಿಲೋಮೀಟರ್, ಬೇರೆ ಊರುಗಳಲ್ಲಿ ಬಿ2ರನ್ ಇದೆ. ಎಷ್ಟೋ ಕಂಪನಿಗಳು ತಾವೇ ಶುಲ್ಕ ಕಟ್ಟಿ, ಟೀ ಶರ್ಟ್ ಕೊಟ್ಟು ಕಳಿಸುತ್ತವೆ. ಅದಾದ ಮೇಲೆ ಹತ್ತಿರದ ಹಳ್ಳಿಯ ಫೋಕ್ಸ್‌ಲಾಫ್, ಅಂದರೆ ಯಾರು ಬೇಕಾದರೂ ಓಡಬಹುದಾದ ಊರಿನ ಓಟ. ಶುಲ್ಕ ಕಡಿಮೆ, ಅಗ್ನಿಶಾಮಕ ದಳದವರೇ ರಸ್ತೆ ತಡೆದಿರುತ್ತಾರೆ, ಮುಗಿಯುವ ಜಾಗದಲ್ಲಿ ಊರಿನ ಹೆಂಗಸರು ಮನೆಯಲ್ಲಿ ಮಾಡಿದ ಕೇಕ್ ಮಾರುತ್ತಾರೆ. ಕೇಕಿನಲ್ಲಿ ಮೊಟ್ಟೆ ಇದೆಯಾ ಅಂತ ಕೇಳುವವರು ಕೇಳಿ, ಇದ್ದೇ ಇರುತ್ತದೆ.

ಬರ್ಲಿನ್ ಮ್ಯಾರಥಾನ್ ಆಸೆ ಇರುವವರಿಗೆ: ಸೆಪ್ಟೆಂಬರಿನಲ್ಲಿ ನಡೆಯುತ್ತದೆ, ಹೆಚ್ಚಿನವರಿಗೆ ಜಾಗ ಸಿಗುವುದು ಲಾಟರಿಯಲ್ಲಿ. ಅರ್ಜಿ ಹಾಕಬೇಕಾದದ್ದು ಹಿಂದಿನ ವರ್ಷದ ಶರತ್ಕಾಲದಲ್ಲಿ. 1974ರಲ್ಲಿ ಗ್ರೂನೆವಾಲ್ಡ್ ಕಾಡಿನ ಪಕ್ಕ ಇನ್ನೂರೆಂಬತ್ತು ಚಿಲ್ಲರೆ ಜನರಿಂದ ಶುರುವಾದ ಓಟ ಅದು. ಎರಡು ಜರ್ಮನಿಗಳು ಒಂದಾಗುವ ಮೂರು ದಿನ ಮೊದಲು, 1990ರ ಸೆಪ್ಟೆಂಬರ್ 30ರಂದು, ಮೊದಲ ಸಲ ಬ್ರಾಂಡೆನ್‌ಬರ್ಗ್ ಗೇಟಿನ ಕೆಳಗಿಂದ ಹಾದುಹೋಯಿತು. ಲಾಟರಿ ಬೀಳದಿದ್ದರೂ ಅವತ್ತು ರಸ್ತೆ ಬದಿಗೆ ನಿಂತು ನೋಡಿ, ಅದಕ್ಕೆ ಟಿಕೆಟ್ ಇಲ್ಲ.

ಜರ್ಮನಿಯಲ್ಲಿ ಓಟಗಳಿಗೆ ಸಾಮಾನ್ಯವಾಗಿ ಡಾಕ್ಟರ್ ಸರ್ಟಿಫಿಕೇಟ್ ಕೇಳುವುದಿಲ್ಲ. ಇಟಲಿಯಲ್ಲಿ ಸ್ಪರ್ಧೆಯ ಓಟಗಳಿಗೆ ಕೇಳುತ್ತಾರೆ, ಫ್ರಾನ್ಸ್‌ನ ನಿಯಮವೂ ಬೇರೆ. ರಜಕ್ಕೆ ಹೋದಾಗ ಅಲ್ಲೊಂದು ಓಟ ಓಡಿಬರೋಣ ಅಂತ ವಿಮಾನ ಬುಕ್ ಮಾಡುವವರು ಆ ಓಟದ ನಿಯಮ ಓದಿಯೇ ದುಡ್ಡು ಕಟ್ಟಿ.